ನಲ್ಲಿ ಪಂಚಾಕ್ಷರಪ್ಪನ ಬೇಳೆ

ಕಡೂರಿನ ಆ ಬೀದಿಗೆ ನಲ್ಲಿ ಬಂದ ದಿನ, ಅಂದರೆ ಎಪ್ಪತ್ತೆರಡನೆಯ ಇಸವಿಯ ಶ್ರಾವಣದ ಒಂದು ಸೋಮವಾರ, ದಿನಸಿ ಅಂಗಡಿಯ ಪಂಚಾಕ್ಷರಪ್ಪನ ಮುಖ ಮೊಸರಾಯಿತು. ಮೂರು ವರ್ಷ ಅರ್ಜಿಯ ಮೇಲೆ ಅರ್ಜಿ ಬರೆದು, ಸಹಿಗಾಗಿ ಮನೆಮನೆಯ ಬಾಗಿಲು ತಟ್ಟಿ, ಕೊಳವೆಬಾವಿ ಕೊರೆಸಿದವನು ಅವನೇ. ಆದ್ದರಿಂದ ಹಾರ ಹಾಕಿದ ನಲ್ಲಿಯನ್ನು ತಿರುಗಿಸಿ, ಮೊದಲ ನೀರಿನಲ್ಲಿ ಮುಖ ತೊಳೆಯುವ ಗೌರವವೂ ಅವನದೇ ಆಯಿತು. ಅಂಗಡಿಯಿಂದ ಹೊಸ ಸಾಬೂನನ್ನೇ ತಂದಿದ್ದ. ಉಜ್ಜಿದ, ಉಜ್ಜಿದ, ನೊರೆ ಬರಲಿಲ್ಲ. ಸಾಬೂನು ಒಡೆದ ಹಾಲಿನಂತೆ ಗಂಟುಗಂಟಾಗಿ ಹುಬ್ಬಿಗೂ ಮೀಸೆಗೂ ಅಂಟಿತು, ತೊಳೆದಷ್ಟೂ ಹರಡಿತು.

"ಏನಪ್ಪಾ ಪಂಚಾಕ್ಷರಿ, ವಿಭೂತಿ ಹಣೆಗೆ ಸಾಲ್ಲಿಲ್ವಾ? ಮುಖಕ್ಕೆಲ್ಲ ಬಳ್ಕೊಂಡಿದೀಯಲ್ಲೋ!" ಎಂದ ಎದುರುಮನೆಯ ಗುಂಡಣ್ಣ.

ಬೀದಿಗೆ ಬೀದಿಯೇ ನಕ್ಕಿತು. ನಗದೆ ನಿಂತವಳು ಒಬ್ಬಳೇ, ಅವನ ಹೆಂಡತಿ ತೀರ್ಥಮ್ಮ. ಟವೆಲು ತಂದು ಗಂಡನ ಕೈಗಿಟ್ಟು, ತಲೆ ತಗ್ಗಿಸಿ ಒಳಗೆ ಹೋದಳು.

ನೀರು ಅಷ್ಟು ಗಡಸು. ತಿಂಗಳು ತುಂಬುವುದರೊಳಗೆ ಬಚ್ಚಲ ಹಂಡೆಯ ಒಳಮೈಗೆ ಸುಣ್ಣ ಬಳಿದಂತಾಯಿತು. ಬಿಳಿ ಪಂಚೆಗಳು ಹಳದಿಗೆ ತಿರುಗಿದವು. ಹೆಂಗಸರ ಕೂದಲು ತೆಂಗಿನ ನಾರಾಯಿತು. ಎಲ್ಲಕ್ಕಿಂತ ದೊಡ್ಡ ಕಾಟವೆಂದರೆ ತೊಗರಿಬೇಳೆ ಬೇಯುತ್ತಿರಲಿಲ್ಲ. ಎರಡು ಗಂಟೆ ಕುದಿಸಿದರೂ ಕಲ್ಲಿನ ಹರಳಿನಂತೆ ಕುಣಿಯುತ್ತಿತ್ತು. ನಲ್ಲಿ ಪಂಚಾಕ್ಷರಪ್ಪನದು, ಬೇಳೆಯೂ ಪಂಚಾಕ್ಷರಪ್ಪನ ಅಂಗಡಿಯದೇ. ಒಂದನ್ನು ಬೈದರೆ ಇನ್ನೊಂದಕ್ಕೂ ತಗುಲುತ್ತಿತ್ತು. ಗಂಡಸಿಗೂ ಗಡಸಿಗೂ ನಡುವೆ ಇರುವುದು ಒಂದು ಸೊನ್ನೆ. ತಪ್ಪೊಪ್ಪಿಕೊಳ್ಳುವ ವಿಷಯದಲ್ಲಿ ಪಂಚಾಕ್ಷರಪ್ಪನಿಗೆ ಆ ಸೊನ್ನೆಯೂ ಅಡ್ಡವಾಗಲಿಲ್ಲ.

"ಅಣ್ಣ, ಈ ಬೇಳೆ ವಾಪಸ್ ತಗಳಿ. ಇದು ಬೇಯೋ ಜಾತಿ ಅಲ್ಲ," ಎಂದು ಪಕ್ಕದ ಮನೆಯ ಶಂಕರಮ್ಮ ಒಂದು ದಿನ ಅಂಗಡಿಗೆ ಬಂದಳು.

ಪಂಚಾಕ್ಷರಪ್ಪ ಮನೆಯಿಂದ ಬಂದಿದ್ದ ಊಟದ ಕ್ಯಾರಿಯರ್ ಬಿಚ್ಚಿದ. "ನೋಡಮ್ಮ ಶಂಕರಮ್ಮ. ಅದೇ ಬೇಳೆ, ಅದೇ ನಲ್ಲಿ. ಬೆಣ್ಣೆ ಆಗಿಲ್ವಾ? ನೀರಿಗೇನಾಗಿದೆ? ಬೇಯ್ಸೋಕೆ ಬರಲ್ಲ ನಿಮ್ಗೆ!"

ಶಂಕರಮ್ಮ ಕ್ಯಾರಿಯರನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿ, ತಂದ ಬೇಳೆಯನ್ನು ಎತ್ತಿಕೊಂಡು ಹೊರಟಳು. ಆಮೇಲೆ ಯಾರು ದೂರು ತಂದರೂ ಕ್ಯಾರಿಯರ್ ಬಿಚ್ಚುವುದು, ಅದೇ ಮಾತು ಹೇಳುವುದು ವಾಡಿಕೆಯಾಯಿತು.

ಎರಡನೆಯ ವರ್ಷ ತನ್ನ ಅಂಗಳಕ್ಕೇ ನಲ್ಲಿ ಹಾಕಿಸಿಕೊಂಡ. ಆ ಮನೆಯಲ್ಲಿ ಅವನು ಒಂದು ಲೋಟ ನೀರನ್ನೂ ತಾನಾಗಿ ಬಗ್ಗಿಸಿಕೊಂಡವನಲ್ಲ. ಮಕ್ಕಳಿರಲಿಲ್ಲ, ಇದ್ದುದು ತೀರ್ಥಮ್ಮನ ಕೈ. ಬರಬರುತ್ತ ಅವಳಿಗೆ ಸೊಂಟನೋವು ಶುರುವಾಯಿತು, ಹೆಗಲು ಒಂದು ಕಡೆಗೆ ವಾಲಿತು.

"ಕೂತೂ ಕೂತೂ ಹಿಡ್ಕೊಂಡಿದೆ ಕಣೇ. ನಲ್ಲಿ ಅಂಗಳಕ್ಕೇ ಬಂದ್ಮೇಲೆ ನಿಂಗೇನು ಕೆಲ್ಸ? ಒಂದು ಕೊಡ ಹೊರೋದಿದ್ಯಾ?" ಎನ್ನುತ್ತಿದ್ದ ಪಂಚಾಕ್ಷರಪ್ಪ.

"ಹೂಂ ಕಣ್ರೀ, ಅದಕ್ಕೇ ಇರ್ಬೇಕು," ಎಂದು ತೀರ್ಥಮ್ಮ ಎಣ್ಣೆ ಬಿಸಿ ಮಾಡಿ, ಕೈ ಎಟುಕಿದಷ್ಟು ಬೆನ್ನಿಗೆ ತಾನೇ ಹಚ್ಚಿಕೊಳ್ಳುತ್ತಿದ್ದಳು.

ಎಂಬತ್ತನಾಲ್ಕರಲ್ಲಿ ನಾಲ್ಕು ದಿನದ ಜ್ವರಕ್ಕೆ ತೀರ್ಥಮ್ಮ ತೀರಿಕೊಂಡಳು. ಶಿವಗಣಾರಾಧನೆ ಮುಗಿಸಿ ನೆಂಟರೆಲ್ಲ ಹೊರಟ ಮೇಲೆ ಪಂಚಾಕ್ಷರಪ್ಪ ಅಡಿಗೆಮನೆಗೆ ಹೋದ. ಮೂಲೆಯಲ್ಲಿ ಎರಡು ತಾಮ್ರದ ಕೊಡ. ಒಂದರಲ್ಲಿ ಅರ್ಧ ನೀರಿತ್ತು. ಹಳೇ ನೀರು ಎಂದುಕೊಂಡು ಅದನ್ನು ದಾಸವಾಳದ ಬುಡಕ್ಕೆ ಚೆಲ್ಲಿ, ನಲ್ಲಿಯಲ್ಲಿ ತುಂಬಿಸಿ ತಂದು ಬೇಳೆಗೆ ಇಟ್ಟ.

ಬೇಳೆ ಬೇಯಲಿಲ್ಲ. ಮಾರನೆಯ ದಿನ ಹೊಸ ಮೂಟೆ ಬಿಚ್ಚಿದ, ಬೇಯಲಿಲ್ಲ. ಮೂರನೆಯ ದಿನ ಸೋಡ ಹಾಕಿದ, ಬಾಯಿಗೆ ಇಡುವಂತಿರಲಿಲ್ಲ. ನಾಲ್ಕನೆಯ ದಿನ ಪಾತ್ರೆ ಹಿಡಿದುಕೊಂಡೇ ಶಂಕರಮ್ಮನ ಬಾಗಿಲಿಗೆ ಹೋದ.

"ಇದಕ್ಕೆ ಅವಳು ಏನು ಹಾಕ್ತಿದ್ಲಮ್ಮ? ನಿಂಗೆ ಗೊತ್ತಿರ್ಬೇಕು."

ಪಾತ್ರೆ ನೋಡಿ ಶಂಕರಮ್ಮನಿಗೆ ಮೊದಲು ನಗು ಬಂತು. ಆ ನಗು ಅರ್ಧಕ್ಕೇ ಅಳುವಾಯಿತು.

"ನೀರು ಕಣಣ್ಣ, ಬರೀ ನೀರು. ಸಿಂಗಟಗೆರೆ ರಸ್ತೆಲಿ ತೋಟದ ಸಿಹಿನೀರು ಬಾವಿ ಇದೆಯಲ್ಲ, ಅಲ್ಲಿಂದ. ನೀವು ಅಂಗಡಿಗೆ ಹೋದ್ಮೇಲೆ, ಯಾರ ಕಣ್ಣಿಗೂ ಬೀಳ್ದಂಗೆ ಹಿತ್ತಲ ದಾರೀಲಿ, ದಿನಾ ಎರಡು ಕೊಡ. ಹನ್ನೆರಡು ವರ್ಷ."

"ಒಂದು ಮಾತು ಹೇಳ್ಬಾರ್ದಿತ್ತಾ ನಂಗೆ?"

"ನಾನೂ ಅದನ್ನೇ ಕೇಳ್ದೆ. 'ಅವತ್ತು ಬೀದಿಯೆಲ್ಲ ಅವರನ್ನ ನೋಡಿ ನಕ್ಕಿತು ಕಣೇ ಶಂಕರಿ. ಮನೇಲಿ ಬೇಳೇನೂ ನಗೋದು ಬ್ಯಾಡ' ಅಂದ್ಲು ತೀರ್ಥಕ್ಕ. ಆಣೆ ಹಾಕಿಸ್ಕೊಂಡ್ಲು ನನ್ ಕೈಲಿ. ನೀವು ಕ್ಯಾರಿಯರ್ ತೋರ್ಸಿದಾಗೆಲ್ಲ ನಾಲ್ಗೆ ಕಚ್ಕೊಂಡು ಬತ್ತಿದ್ದೆ."

ಪಂಚಾಕ್ಷರಪ್ಪ ಮನೆಗೆ ಬಂದು ದಾಸವಾಳದ ಬುಡದಲ್ಲಿ ಕೂತ. ಮಣ್ಣು ಮುಟ್ಟಿ ನೋಡಿದ. ಅವಳು ಹೊತ್ತು ತಂದ ಕೊನೆಯ ಅರ್ಧ ಕೊಡ ಅಲ್ಲೇ ಇಂಗಿತ್ತು, ಮೇಲೆಲ್ಲ ಒಣಗಿತ್ತು. ನಲ್ಲಿಗಾಗಿ ಮೂರು ವರ್ಷ ಅಲೆದವನು ನಲ್ಲೆಯ ಹೆಗಲನ್ನು ಹನ್ನೆರಡು ವರ್ಷ ನೋಡಿರಲಿಲ್ಲ.

ಮರುದಿನ ಅಂಗಡಿ ತೆಗೆಯಲಿಲ್ಲ. ತಾಮ್ರದ ಕೊಡ ಎತ್ತಿಕೊಂಡು ಸಿಂಗಟಗೆರೆ ರಸ್ತೆ ಹಿಡಿದ. ಬರುವಾಗ ನಾಲ್ಕು ಕಡೆ ಇಳಿಸಿ ಸುಧಾರಿಸಿಕೊಂಡ. ಅವಳು ಎಲ್ಲಿ ಇಳಿಸುತ್ತಿದ್ದಳೋ, ಇಳಿಸುತ್ತಿದ್ದಳೋ ಇಲ್ಲವೋ, ಹೇಳುವವರು ಯಾರೂ ಇರಲಿಲ್ಲ. ಬೀದಿಗೆ ತಿರುಗುವ ಹೊತ್ತಿಗೆ ಪಂಚೆ ನೆನೆದು ಕಾಲಿಗೆ ಸುತ್ತಿಕೊಂಡಿತ್ತು.

ಜಗಲಿಯ ಮೇಲಿದ್ದ ಗುಂಡಣ್ಣ ಎದ್ದು ನಿಂತ. "ಏನೋ ಇದು! ಊರಿಗೆ ನಲ್ಲಿ ತಂದೋನು ಬಾವಿ ನೀರು ಹೊರ್ತಿದಾನಲ್ರಪ್ಪಾ! ಹನ್ನೆರಡು ವರ್ಷ ಆಯ್ತು ಪಂಚಾಕ್ಷರಿ, ಈಗ್ಲಾದ್ರೂ ಬಾಯ್ಬಿಟ್ಟು ಹೇಳು. ನಿನ್ ನಲ್ಲಿ ನೀರಲ್ಲಿ ಬೇಳೆ ಬೇಯುತ್ತಾ?"

ಬಾಗಿಲುಗಳಲ್ಲಿ ಹೆಂಗಸರು ನಿಂತರು. ಶಂಕರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಂಚಾಕ್ಷರಪ್ಪ ಕೊಡವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿದ.

"ನೀರಿಗೇನಾಗಿದೆಯೋ ಗುಂಡ? ಬೇಯ್ಸೋಕೆ ಬರಲ್ಲ ನಂಗೆ."