ಜಗಲಿಗೆ ಬಂದ ಗ್ರಂಥಾಲಯ

ಜೂನ್ ಎಂಟು, ಭಾನುವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ವೈ.ಎನ್.ಹೊಸಕೋಟೆಯ ನಮ್ಮ ಜಗಲಿಯ ಮೇಲೆ ಬಿತ್ತನೆಗೆಂದು ಬಿಡಿಸಬೇಕಾದ ಕಡಲೆಕಾಯಿಯ ರಾಶಿ ಬಿದ್ದಿದೆ. ಮಧ್ಯಾಹ್ನ ಅಕ್ಕಪಕ್ಕದ ಹೆಂಗಸರು ಬಂದು ಅದರ ಸುತ್ತ ಕೂರುತ್ತಾರೆ. ಹಿಂದೆಲ್ಲ ಅವರ ಬೆರಳುಗಳು ಕಾಯಿ ಒಡೆಯುತ್ತಿದ್ದರೆ ನನ್ನ ಅಜ್ಜಿ ಕಾದಂಬರಿ ಓದಿ ಹೇಳುತ್ತಿದ್ದರು. ಓದುವವರು ಕಾಯಿ ಬಿಡಿಸಬೇಕಿಲ್ಲ ಎಂಬುದು ನಮ್ಮ ಜಗಲಿಯ ಕಾನೂನು. ಹೋದ ವರ್ಷ ಅಜ್ಜಿಯ ಕಣ್ಣಿಗೆ ಪುಸ್ತಕದ ಅಕ್ಷರ ಹಿಡಿಯದಾಯಿತು. ಕಾನೂನಿನಂತೆ ಅವರೂ ಮೊರ ಎಳೆದುಕೊಂಡು ಕೂತರು. ದಿನವೂ ಎಲ್ಲವನ್ನೂ ಬರೆದಿಡುವ ನಾನು ಆ ದಿನವನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಬಿಟ್ಟುಬಿಟ್ಟೆ.

ಅದಕ್ಕೇ ಈ ಸಲ ಅಂತರ್ಜಾಲದಲ್ಲಿ ಉಚಿತ ಗ್ರಂಥಾಲಯಗಳನ್ನು ಹುಡುಕಿದೆ. ಬೀಗವಿಲ್ಲ, ರಜೆಯಿಲ್ಲ, ನೀನು ಯಾರ ಮನೆಯ ಹುಡುಗಿ ಎಂದು ಕೇಳುವವರಿಲ್ಲ. ಯಾರೋ ಕಾಣದವರು ಹಾಳೆ ಹಾಳೆಯ ಫೋಟೋ ತೆಗೆದು ನಮಗಾಗಿ ಇಟ್ಟುಹೋಗಿದ್ದಾರೆ. ಶುಕ್ರವಾರ ಒಂದು ಕಾದಂಬರಿಯನ್ನು ಫೋನಿಗೆ ಇಳಿಸಿ ಅಜ್ಜಿಯ ಕೈಗಿಟ್ಟೆ. ಅವರು ರೂಢಿಯಂತೆ ಬೆರಳನ್ನು ನಾಲಿಗೆಗೆ ತಾಗಿಸಿ ಹಾಳೆ ಮಗುಚಲು ಹೋದರು. ಫೋನು ಮಿಸುಕಲಿಲ್ಲ.

"ಎಂಜ್ಲು ಹಚ್ಚಿದ್ರೆ ಅದು ಮುನಿಸ್ಕೊಂತದೆ ಕಣತ್ತೆ," ಎಂದು ಪಕ್ಕದ ಮನೆಯ ಲಕ್ಷ್ಮಕ್ಕ ನಕ್ಕರು.

"ಫೋನು ನನ್ನ ಮೊಮ್ಮಗಳ್ದು, ಎಂಜ್ಲು ನಂದು. ನಿಂಗೇನ್ಲೇ? ಕಾಯಿ ಬುಡ್ಸು," ಎಂದರು ಅಜ್ಜಿ.

ಆದರೆ ತೊಡಕು ಎಂಜಲಿನದಷ್ಟೇ ಅಲ್ಲ. ಫೋಟೋವನ್ನು ಹಿಗ್ಗಿಸಿದರೆ ಅರ್ಧ ಸಾಲು ಪರದೆಯಾಚೆ ಸರಿಯುತ್ತಿತ್ತು. ಎಳೆದೂ ಎಳೆದೂ ಬೇಸತ್ತ ಅಜ್ಜಿ ಫೋನನ್ನು ನನಗೇ ಕೊಟ್ಟು, "ನೀನೇ ಮಡಿಕ್ಕೊ ಮಗ," ಎಂದರು. ಅವರು ಸೋತದ್ದನ್ನು ನಾನು ಕಂಡದ್ದು ಅದೇ ಮೊದಲು.

ನಿನ್ನೆ ಬೇರೊಂದು ಗ್ರಂಥಾಲಯ ಸಿಕ್ಕಿತು. ಅಲ್ಲಿ ಪುಟದ ಚಿತ್ರವಲ್ಲ, ಬರಿಯ ಅಕ್ಷರವೇ ಇದೆ. ಎಷ್ಟು ದೊಡ್ಡದು ಮಾಡಿದರೂ ಸಾಲುಗಳು ತಾವೇ ಮಡಚಿಕೊಂಡು ಪರದೆಯೊಳಗೇ ನಿಲ್ಲುತ್ತವೆ. ಅಜ್ಜಿ ಬೆರಳನ್ನು ಸೆರಗಿಗೆ ಒರೆಸಿ ಓದತೊಡಗಿದರು. ಮೊದಲು ತಡವರಿಸಿದ ದನಿ ಮೂರನೆಯ ಪುಟಕ್ಕೆ ತನ್ನ ದಾರಿ ಹಿಡಿಯಿತು. ಓದು ಕಣ್ಣಿನ ಕೆಲಸವೆಂದು ತಿಳಿದಿದ್ದೆ. ಅಷ್ಟು ಜನರ ನಡುವೆ ಅಜ್ಜಿಗೆ ಅದು ತಮ್ಮದೆಂದು ಕೂರುವ ಜಾಗವೂ ಹೌದು.

"ಲಕ್ಷ್ಮೀ, ಕೈ ಆಡ್ಲಿ," ಎಂದು ಅಜ್ಜಿ ತಲೆಯೆತ್ತದೆ ಗದರಿಸಿದರು.

"ತಡೀ ಅತ್ತೆ! ಕತೇಲಿ ಅವ್ಳು ಬಾಗ್ಲು ತೆಗೀತಾಳೋ ಇಲ್ವೋ, ಅದನ್ನೇಳು ಮೊದ್ಲು."

ಈ ಕಾದಂಬರಿ ಮಂಗಳವಾರಕ್ಕೆ ಮುಗಿಯಬಹುದು, ಕಾಯಿ ಮಾತ್ರ ಇನ್ನೊಂದು ವಾರಕ್ಕಿದೆ. ಹೀಗೆ ಅಕ್ಷರ ಹಿಗ್ಗಿಸಬಹುದಾದ ಕನ್ನಡ ಕಾದಂಬರಿಗಳಲ್ಲಿ ನನಗೆ ಸಿಕ್ಕಿದ್ದು ಈವರೆಗೆ ಇದೊಂದೇ. ಉಳಿದವು ಎಲ್ಲಿವೆಯೆಂದು ಬಲ್ಲವರು ದಯವಿಟ್ಟು ಬರೆದು ತಿಳಿಸಿ. ನಮ್ಮಜ್ಜಿಯ ಗಂಟಲು ಇನ್ನೂ ಗಟ್ಟಿಯಾಗಿದೆ.