ಅಕ್ಕನ ಮರೆವು ಮುಚ್ಚಿಟ್ಟಿದ್ದೆ

“ಇವತ್ತು ಯಾವ ವಾರಮ್ಮ?” ಎಂದು ಡಾಕ್ಟರು ಕೇಳಿದಾಗ ಅಕ್ಕ ತಡವರಿಸಿದಳು. ಹಿಂದೆ ನಿಂತಿದ್ದ ನಾನು “ಗುರುವಾರ” ಎಂದು ಪಿಸುಗುಟ್ಟಿದೆ. ಕಾಮಾಕ್ಷಿಪಾಳ್ಯದಲ್ಲಿ ವರ್ಷಗಟ್ಟಲೆ ಬಗ್ಗಿ ಊದುಬತ್ತಿ ಹೊಸೆದ ಅಕ್ಕನಿಗೆ ಬೆನ್ನುಮೂಳೆಯ ಆಪರೇಷನ್ ಆಗಬೇಕಿತ್ತು. ಮರೆವಿದೆ ಎಂದು ಗೊತ್ತಾದರೆ ಮಾಡುವುದಿಲ್ಲವೇನೋ ಎಂಬ ಭಯ ನನಗೆ.

ಅಕ್ಕನೇ ನಕ್ಕುಬಿಟ್ಟಳು. “ಇವ್ನು ಹೇಳ್ಕೊಡ್ತಾ ಇದಾನೆ ಡಾಕ್ಟ್ರೇ. ನಂಗೆ ಈಚೆಗೆ ಮರೆವು ಜಾಸ್ತಿ.”

ಡಾಕ್ಟರು ಬೈಯಲಿಲ್ಲ. “ಹೇಳಿದ್ದು ಒಳ್ಳೇದಾಯ್ತು. ಮರೆವಿರೋರಿಗೆ ಆಪರೇಷನ್ ಆದ್ಮೇಲೆ ಸ್ವಲ್ಪ ದಿನ ಗಲಿಬಿಲಿ ಆಗಬಹುದು, ಚೇತರಿಸ್ಕೊಳ್ಳೋದೂ ನಿಧಾನ. ನೀವು ಪಕ್ಕದಲ್ಲೇ ಇದ್ದು, ಎಲ್ಲಿದಾರೆ, ಏನಾಗಿದೆ ಅಂತ ಹೇಳ್ತಾ ಇರಿ” ಎಂದರು.

ಹಾಗೇ ಆಯಿತು. ಎಚ್ಚರವಾದ ಮೇಲೆ ಎರಡು ದಿನ ಅಕ್ಕ ನನ್ನನ್ನೇ ಗುರುತಿಸಲಿಲ್ಲ. ಮೊದಲೇ ಗೊತ್ತಿದ್ದರಿಂದ ನಾನು ಧೈರ್ಯಗೆಡಲಿಲ್ಲ. “ಅಕ್ಕಾ, ಇದು ಆಸ್ಪತ್ರೆ. ಆಪರೇಷನ್ ಆಗಿದೆ. ಬಗ್ಗಬೇಡ” ಎಂದು ಹೇಳುತ್ತಲೇ ಇದ್ದೆ. ಮೂರನೇ ದಿನ ಅವಳು ರೇಗಿದಳು: “ಎಷ್ಟು ಸಲ ಹೇಳ್ತೀಯೋ? ನಂಗೇನು ಮರೆವಾ?”

ಈಗ ಅಕ್ಕ ಸಂಜೆ ಹೊತ್ತು ಹೊಸಹಳ್ಳಿಯ ನಮ್ಮ ಮನೆಯಿಂದ ದೇವಸ್ಥಾನದವರೆಗೆ ನಡೆಯುತ್ತಾಳೆ. ದಾರಿಯಲ್ಲಿ ಸಿಕ್ಕವರ ಹೆಸರು ಮರೆತರೆ ಅವರನ್ನೇ ಕೇಳಿ ತಿಳಿದುಕೊಳ್ಳುತ್ತಾಳೆ. ಜೊತೆಗಿದ್ದರೂ ನಾನು ಹಿಂದಿನಿಂದ ಹೇಳಿಕೊಡುವುದಿಲ್ಲ.