ಗೊತ್ತಿಲ್ಲ ಎಂದವರ ಖಾನೆ

ನಾನು ಸಮಾಜಶಾಸ್ತ್ರಜ್ಞ ಎಂದು ಹೇಳಿಕೊಳ್ಳಲು ಹೆಚ್ಚು ಸಂಕೋಚವಾಗುವುದು ನಮ್ಮ ಮನೆಯಲ್ಲೇ. ಸಯನ್ನಿನ ನಮ್ಮ ಬಿಲ್ಡಿಂಗಿನಲ್ಲಿ ಜ್ವರ ಬಂದರೆ ಮೂರನೇ ಮಾಳಿಗೆಯ ಕಂಪೌಂಡರನ್ನು ಕೇಳುತ್ತಾರೆ, ಫ್ಯೂಸ್ ಹೋದರೆ ಕೆಳಗಿನ ವೈರ್‌ಮನ್‌ನನ್ನು ಕೇಳುತ್ತಾರೆ. ಸಮಾಜದ ಬಗ್ಗೆ ನನ್ನನ್ನು ಯಾರೂ ಕೇಳುವುದಿಲ್ಲ. ಅದು ಎಲ್ಲರಿಗೂ ಗೊತ್ತಿರುವ ವಿಷಯ. "ಬಾಜಾರಿಗೆ ಕಳಿಸಿದ್ರೆ ಹುಳುಕು ಬದನೆ ತರ್ತಾರೆ, ಇವ್ರು ಸೊಸೈಟಿ ಸ್ಟಡಿ ಮಾಡುದಂತೆ ಮಾರಾಯ್ತಿ" ಎಂದು ಉಡುಪಿಯ ಕಡೆಯವಳಾದ ನನ್ನ ಹೆಂಡತಿ ಪಕ್ಕದ ಮನೆಯವಳಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿಸಿಕೊಂಡಿದ್ದೇನೆ.

ನಮ್ಮ ಶಾಸ್ತ್ರದ ಪ್ರಕಾರ ಸತ್ಯ ಎಂಬುದು ಆಕಾಶದಿಂದ ಉದುರುವುದಿಲ್ಲ. ಯಾರು ಹೇಳಿದರು, ಎಲ್ಲಿದ್ದುಕೊಂಡು ಹೇಳಿದರು ಎಂದು ಮೊದಲು ನೋಡಬೇಕು. ಲೋಕಲ್‌ನಲ್ಲಿ ಕಿಟಕಿಯ ಸೀಟು ಸಿಕ್ಕವನಿಗೆ ಗಾಡಿಯಲ್ಲಿ ಇನ್ನೂ ನಾಲ್ಕು ಜನಕ್ಕೆ ಜಾಗವಿದೆ ಎನಿಸುತ್ತದೆ, ಬಾಗಿಲಲ್ಲಿ ಜೋತುಬಿದ್ದವನ ಅಭಿಪ್ರಾಯ ಬೇರೆ. ಇದನ್ನು ಪ್ರತಿವರ್ಷ ಕ್ಲಾಸಿನಲ್ಲಿ ಹೇಳುತ್ತಿದ್ದೆ, ಹುಡುಗರು ಪ್ರತಿವರ್ಷ ನಗುತ್ತಿದ್ದರು. ಆಮೇಲೆ ತುರ್ತು ಪರಿಸ್ಥಿತಿ ಬಂತು. ದಿನಾ ಬೆಳಿಗ್ಗೆ ಪೇಪರು ಹಿಡಿದು ಸರಕಾರವನ್ನು ಹುರಿದು ಮುಕ್ಕುತ್ತಿದ್ದ ನನ್ನ ಲೋಕಲ್ ಡಬ್ಬಿಯ ಪಂಡಿತರೆಲ್ಲ ರಾತ್ರಿ ಬೆಳಗಾಗುವುದರಲ್ಲಿ ಕ್ರಿಕೆಟ್ಟಿಗೆ ವಾಲಿದರು. ನಾವು ತಜ್ಞರೂ ಬಾಯಿ ಮುಚ್ಚಿದೆವು. ಅದಕ್ಕೆ ನಾವಿಟ್ಟ ಹೆಸರು ವಸ್ತುನಿಷ್ಠತೆ. ಈಗ ನೆನೆದರೂ ಮೈ ಉರಿಯುತ್ತದೆ.

ಆ ದಿನಗಳಲ್ಲೇ ನಾನು ಪಾಠ ಮಾಡುತ್ತಿದ್ದ ಸಂಶೋಧನಾ ಸಂಸ್ಥೆಯವರು ನನ್ನನ್ನು ದಹಿಸರ್‌ಗೆ ಸರ್ವೇಗೆ ಅಟ್ಟಿದರು. ಸ್ಟೇಷನ್ನಿನ ಆಚೆ ವಿಜಾಪುರದ ಕಡೆಯಿಂದ ಬಂದ ಗಾರೆ ಕೆಲಸದವರ ಗುಡಿಸಲುಗಳಿದ್ದವು. ಅವನ್ನು ತೆಗೆಸಿ ಜನರನ್ನು ಊರಾಚೆ ದೂರ ಸಾಗಿಸುವ ಯೋಜನೆ. ಅವರು ಒಪ್ಪುತ್ತಾರೆಯೇ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಕನ್ನಡ ಬಲ್ಲವನು ನಾನೊಬ್ಬನೇ ಆಗಿದ್ದರಿಂದ ತಜ್ಞನೂ ನಾನೇ.

ಮೊದಲ ಗುಡಿಸಲಿನ ಯಲ್ಲವ್ವ ಚಹಾ ಕೊಟ್ಟು ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದಳು. ಬೆಳಿಗ್ಗೆ ಹೋಗಿ ಕೂಲಿಯವರು ಸೇರುವ ನಾಕಾ ಎಂಬ ಚೌಕದಲ್ಲಿ ನಿಂತರೆ ಮುಕಾದಮ ಬಂದು ಆಳು ಆರಿಸಿಕೊಂಡು ಹೋಗುತ್ತಾನೆ. ತಡವಾದರೆ ಆ ದಿನ ಕೂಲಿ ಇಲ್ಲ. "ನಾಕಾ ಬಿಟ್ಟು ಅಷ್ಟ್ ದೂರ ಹ್ವಾದ್ರ ಹೊಟ್ಟಿಗೇನು ಮಣ್ಣು ತಿನ್ನೂಣೇನ್ರಿ?" ಎಂದಳು. ನಾನು ಖುಷಿಯಿಂದ ಫಾರಂ ತೆಗೆದೆ, ಪೆನ್ನಿನ ಕ್ಯಾಪು ಬಿಚ್ಚಿದೆ, ಸ್ಥಳ ಬದಲಾವಣೆಗೆ ಒಪ್ಪಿಗೆಯೇ ಎಂದು ಪ್ರಶ್ನೆ ಓದಿದೆ.

"ಗೊತ್ತಿಲ್ರಿ."

ಕ್ಯಾಪು ಹಾಕಿದೆ. ಮತ್ತೆ ಮಾತು ಧಾರಾಳವಾಗಿ ಬಂತು. ಕ್ಯಾಪು ತೆಗೆದೆ. "ಗೊತ್ತಿಲ್ಲಂತ ಬರಕೋರಿ ಸಾಹೇಬ್ರ" ಎಂದಳು. ಕೊನೆಯ ಗುಡಿಸಲಿನವರೆಗೂ ಇದೇ ಕಥೆ. ಹಾಳಾದ್ದು, ಪೆನ್ನು ಕಂಡರೆ ಇಡೀ ಕೇರಿಯೇ ಅಜ್ಞಾನಿಯಾಗಿಬಿಡುತ್ತಿತ್ತು.

ಆಫೀಸಿನಲ್ಲಿ ಈ ಉತ್ತರಕ್ಕೊಂದು ಖಾನೆ ಇತ್ತು, 'ಮಾಹಿತಿ ಇಲ್ಲದವರು' ಎಂದು. ಎಲ್ಲರೂ ಅದರೊಳಗೆ ಬಿದ್ದರು. ನಿರ್ದೇಶಕರು ಅದನ್ನು ನೋಡಿ, ಸ್ಪಷ್ಟ ವಿರೋಧ ಕಂಡುಬಂದಿಲ್ಲ ಎಂದು ವರದಿಯಲ್ಲಿ ಬರೆಸಿದರು. ಆ ಜನಕ್ಕೆ ಎಲ್ಲ ಗೊತ್ತಿದೆ ಸಾರ್, ಹೇಳಲು ಹೆದರುತ್ತಾರೆ ಅಷ್ಟೇ ಎಂದೆ. ಪುರಾವೆ ಎಲ್ಲಿ, ಯಾರು ಹೇಳಿದರು, ಹೆಸರು ಬರೆಯಿರಿ ಎಂದರು. ಹೆಸರು ಬರೆದರೆ ಯಲ್ಲವ್ವನ ಬಾಗಿಲಿಗೆ ಪೊಲೀಸರು ಬರುತ್ತಾರೆ, ಬರೆಯದಿದ್ದರೆ ಬಾಗಿಲೇ ಇರುವುದಿಲ್ಲ. ಮೂರನೆಯ ದಾರಿಯೊಂದಿತ್ತು: ಈ ವರದಿಗೆ ನಾನು ಸಹಿ ಹಾಕುವುದಿಲ್ಲ ಎನ್ನುವುದು. ಹಾಕಿದೆ. ಮಳೆಗಾಲಕ್ಕೆ ಮುಂಚೆಯೇ ಗುಡಿಸಲುಗಳು ಹೋದವು.

ಮುಂದೆ ಚುನಾವಣೆಯಾಗಿ ಸರಕಾರ ಬಿತ್ತು. ಬೀಳುತ್ತದೆಂದು ಮೊದಲೇ ಗೊತ್ತಿತ್ತು ಎನ್ನುವವರು ನನ್ನ ಲೋಕಲ್ ಡಬ್ಬಿಯ ತುಂಬ ತುಂಬಿಕೊಂಡರು. ನಮ್ಮ ಸಂಸ್ಥೆಯೂ ಹಿಂದೆ ಬೀಳದೆ, ಸಂಕಟದ ಕಾಲದಲ್ಲಿ ಸತ್ಯ ಮತ್ತು ತಜ್ಞತೆ ಎಂಬ ವಿಚಾರ ಸಂಕಿರಣ ಇಟ್ಟುಕೊಂಡಿತು. ಉದ್ಘಾಟನೆ ಅದೇ ನಿರ್ದೇಶಕರದು, ಮೊದಲ ಪ್ರಬಂಧ ನನ್ನದು. ಪ್ರಬಂಧಕ್ಕೆ ಪುರಾವೆ ಬೇಕಲ್ಲ, ಅದಕ್ಕೆ ಒಂದು ಬೆಳಿಗ್ಗೆ ದಹಿಸರ್ ನಾಕಾಕ್ಕೆ ಹೋದೆ.

ಯಲ್ಲವ್ವ ಅಲ್ಲೇ ನಿಂತಿದ್ದಳು. ಇಳಿದುಹೋಗಿದ್ದಳು. ಕತ್ತಲಿರುವಾಗಲೇ ಎದ್ದು ನಡೆದು, ಎರಡು ಬಸ್ಸು ಹಿಡಿದು ಬರುತ್ತಾಳಂತೆ. ವಾರದಲ್ಲಿ ಎರಡು ದಿನ ಕೆಲಸ ಸಿಕ್ಕರೆ ಹೆಚ್ಚು. ಈಗ ಹೆದರಬೇಕಾಗಿಲ್ಲ, ಅವತ್ತು ಗೊತ್ತಿಲ್ಲ ಎಂದದ್ದೇಕೆ ಹೇಳವ್ವಾ ಎಂದು ಕೇಳಿ ನೋಟ್‌ಬುಕ್ಕು ತೆರೆದೆ.

"ನಾ ಪೊಲೀಸರಿಗೆ ಹೆದರಿ ಅಂದೆನ್ರಿ" ಎಂದಳು. "ನಿಮಗ ಎಲ್ಲಾ ಹೇಳಿದ್ನಲ್ರಿ. ನೀವ್ ಯಾರಿಗೆ ಹೆದರಿದ್ರಿ?"

ನಾಲಿಗೆಯ ತುದಿಗೆ ದೊಡ್ಡ ದೊಡ್ಡ ಮಾತುಗಳು ಬಂದವು. ಅವನ್ನು ನುಂಗಿಕೊಂಡು, ಆಗ ನನ್ನ ಬಡ್ತಿಯ ಫೈಲು ನಿರ್ದೇಶಕ ಸಾಹೇಬರ ಮೇಜಿನ ಮೇಲಿತ್ತವ್ವಾ ಎಂದೆ.

"ಸಿಕ್ತೇನ್ರಿ ಬಡ್ತಿ?"

"ಸಿಕ್ಕಿತು."

ಅಷ್ಟರಲ್ಲಿ ಮುಕಾದಮ ಬಂದದ್ದರಿಂದ ಅವಳು ಸೆರಗು ಸಿಕ್ಕಿಸಿಕೊಂಡು ಗುಂಪಿನ ಮುಂದಕ್ಕೆ ನುಗ್ಗಿದಳು. ಸರ್ವೇ ಮಾಡಿ ಮಾಡಿ ಸವೆದ ನನಗೆ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಕೇಳಲು ಸಿಕ್ಕದ್ದು ಅದೇ ಮೊದಲು. ಉತ್ತರ ಕೊಟ್ಟವನು ನಾನೇ ಆಗಿದ್ದರಿಂದ ಅದನ್ನು ಬರೆದುಕೊಳ್ಳಲು ಕೈ ಏಳಲಿಲ್ಲ.